ಹುಣಸಿಗಿಡದ ಓಣಿಯ ನೀರು

ಹಿರೇಬಾವಿಯ ಜಿಲ್ಲಾ ಫೇಜ್ ಭಂಡಾರದಲ್ಲಿ ಪ್ರತಿ ಸೀಸೆಗೂ ಒಂದು ಗಟಾರದ ಹೆಸರಿದೆ. ಸಂತೆಪೇಟೆ-3, ಡಿಪೋ-9, ಕೋರ್ಟ್ ಹಿಂದುಗಡೆ-1, ಮೀನು ಮಾರ್ಕೆಟ್-22. ಕಿರುಬೆರಳಿನ ಗಾತ್ರದ ಈ ಸೀಸೆಗಳು ಮೈನಸ್ ಎಂಬತ್ತು ಡಿಗ್ರಿಯ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಈ ಸಂಗತಿ ನಡೆದ ವರ್ಷ ಮಾರ್ಚ್ ಮೊದಲ ವಾರ ಅವುಗಳ ಸಂಖ್ಯೆ ನಾನೂರ ಹನ್ನೆರಡು.

ಫೇಜ್ ಎಂದರೆ ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ವೈರಸ್. ಮನುಷ್ಯನ ಜೀವಕೋಶಗಳ ಗೊಡವೆ ಅದಕ್ಕಿಲ್ಲ. ಬ್ಯಾಕ್ಟೀರಿಯಾದ ಮೈಮೇಲೆ ಕೂತು ತನ್ನ ವಂಶವಾಹಿಯನ್ನು ಒಳಗೆ ತಳ್ಳುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಬ್ಯಾಕ್ಟೀರಿಯಾ ಒಡೆದು ನೂರಾರು ಹೊಸ ಫೇಜ್‌ಗಳು ಹೊರಬರುತ್ತವೆ. ನೂರು ವರ್ಷಕ್ಕೂ ಹಿಂದೆ ಪತ್ತೆಯಾದ ಈ ಸಂಗತಿ, ಆ್ಯಂಟಿಬಯೋಟಿಕ್‌ಗಳು ಬಂದ ಮೇಲೆ ಜಗತ್ತಿನ ಬಹುಭಾಗದಲ್ಲಿ ಮೂಲೆ ಸೇರಿತ್ತು. ಆ್ಯಂಟಿಬಯೋಟಿಕ್‌ಗಳು ಒಂದೊಂದಾಗಿ ಕೈಕೊಡತೊಡಗಿದಾಗ ಮತ್ತೆ ನೆನಪಾಯಿತು. ತೊಡಕು ಒಂದಿತ್ತು. ಒಂದು ಫೇಜ್ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಹಿಡಿಯುವುದಿಲ್ಲ. ಒಂದು ಜಾತಿಯಲ್ಲೇ ಕೆಲವು ತಳಿಗಳನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಪ್ರತಿ ರೋಗಿಗೂ ಹೊಸದಾಗಿ ಹುಡುಕಬೇಕು. ಬ್ಯಾಕ್ಟೀರಿಯಾ ಹೆಚ್ಚಿರುವಲ್ಲಿ ಅದನ್ನು ತಿನ್ನುವ ಫೇಜ್ ಕೂಡ ಹೆಚ್ಚು. ಊರಿನಲ್ಲಿ ಅಂಥ ಜಾಗ ಯಾವುದೆಂದು ಯಾರೂ ಹೇಳಬೇಕಿಲ್ಲ.

ಆರು ವರ್ಷಗಳ ಹಿಂದೆ ಜಿಲ್ಲೆಗೊಂದು ಫೇಜ್ ಭಂಡಾರ ತೆರೆದಾಗ, ಗಟಾರಕ್ಕೆ ಇಳಿದು ನೀರು ತರುವವರು ಯಾರು ಎಂಬ ಪ್ರಶ್ನೆ ಎದ್ದಿತು. ಹಿರೇಬಾವಿಯಲ್ಲಿ ಆ ಕೆಲಸಕ್ಕೆ ಬಂದವಳು ಹುಲಿಗೆವ್ವ. ಹತ್ತೊಂಬತ್ತು ವರ್ಷ ಇದೇ ಊರಿನ ರಸ್ತೆ ಗುಡಿಸಿದ ಪೌರಕಾರ್ಮಿಕೆ. ಈಗ ವಯಸ್ಸು ನಲವತ್ತಾರು. ಪ್ರತಿ ಮಂಗಳವಾರ ನಸುಕಿನಲ್ಲಿ ಉದ್ದ ಹಿಡಿಯ ಸೌಟು ಮತ್ತು ಮಂಜುಗಡ್ಡೆ ತುಂಬಿದ ನೀಲಿ ಡಬ್ಬಿ ಹಿಡಿದು ಹದಿನಾಲ್ಕು ಗಟಾರಗಳಿಗೆ ಹೋಗುತ್ತಾಳೆ. ನಡೆದೇ ಹೋಗುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ವಾರ ಡಿಪೋ ಹತ್ತಿರ ಬಸ್ಸು ಹತ್ತಿದ್ದಳು. ಕಂಡಕ್ಟರ್ ಕೇಳಿದ್ದ: "ಡಬ್ಬ್ಯಾಗ ಏನೈತಿ?" ಹುಲಿಗೆವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. "ಗಟಾರದ ನೀರ್ರಿ." ಮುಂದಿನ ತಿರುವಿನಲ್ಲಿ ಅವಳನ್ನು ಇಳಿಸಲಾಯಿತು.

ಅವಳು ಇರುವ ಹುಣಸಿಗಿಡದ ಓಣಿಯ ಬಾಯಿಯಲ್ಲಿ ಬಸ್ಸು ಹಾಯುತ್ತದೆ, ನಿಲ್ಲುವುದಿಲ್ಲ. ಅಲ್ಲಿ ನಿಲುಗಡೆ ಇಲ್ಲ.

ಶನಿವಾರ ಜಿಲ್ಲಾ ಆಸ್ಪತ್ರೆಯಿಂದ ರೋಗಿಯೊಬ್ಬನ ಗಾಯದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ ಬಂತು. ಯಮನೂರಪ್ಪ ಹಡಪದ, ಐವತ್ತೊಂದು ವರ್ಷ, ನಗರ ಸಾರಿಗೆಯ ಬಸ್ ಚಾಲಕ. ಎರಡು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ಎಡಗಾಲಿನ ಮೊಳಕಾಲ ಕೆಳಗಿನ ಎಲುಬು ಚರ್ಮ ಸೀಳಿ ಹೊರಬಂದಿತ್ತು. ಒಳಗೆ ಸರಳು ಹಾಕಿದರು. ಸರಳಿಗೆ ಸೋಂಕು ಹತ್ತಿತು. ಬ್ಯಾಕ್ಟೀರಿಯಾದ ಹೆಸರು ಕ್ಲೆಬ್ಸಿಯೆಲ್ಲಾ; ಆಸ್ಪತ್ರೆಗಳಲ್ಲೇ ಓಡಾಡಿಕೊಂಡು, ಬಂದ ಪ್ರತಿ ಔಷಧಿಯನ್ನೂ ಎದುರಿಸುವುದನ್ನು ಕಲಿತ ತಳಿ. ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಔಷಧಿಯೂ ಸೇರಿ ಐದು ಬಗೆಯ ಆ್ಯಂಟಿಬಯೋಟಿಕ್ ಕೊಟ್ಟಾಗಿತ್ತು.

ಭಂಡಾರದ ಮುಖ್ಯಸ್ಥೆ ಡಾ. ತಬಸ್ಸುಮ್ ನದಾಫ್ ಆ ತಳಿಯನ್ನು ಅಗಲ ತಟ್ಟೆಗಳ ಮೇಲೆ ಹುಲುಸಾಗಿ ಬೆಳೆಸಿ, ನಾನೂರ ಹನ್ನೆರಡು ಫೇಜ್‌ಗಳಿಂದಲೂ ಒಂದೊಂದು ಹನಿ ಇಟ್ಟಳು. ಹನಿ ಬಿದ್ದ ಕಡೆ ಬ್ಯಾಕ್ಟೀರಿಯಾ ಸತ್ತರೆ ಮಂಜಿನ ಗಾಜಿನ ಮೇಲೆ ಬೆರಳು ಒತ್ತಿದಂತೆ ಸ್ವಚ್ಛ ಚುಕ್ಕೆ ಮೂಡುತ್ತದೆ. ಭಾನುವಾರ ಮಧ್ಯಾಹ್ನ ನೋಡಿದಾಗ ಒಂದೂ ಚುಕ್ಕೆ ಇರಲಿಲ್ಲ. ನೆರೆಯ ನಾಲ್ಕು ಜಿಲ್ಲೆಗಳ ಭಂಡಾರಗಳಿಂದಲೂ ಸಂಜೆಯೊಳಗೆ ಉತ್ತರ ಬಂತು: ನಮ್ಮಲ್ಲಿಲ್ಲ.

ಮೂಳೆ ಶಸ್ತ್ರಚಿಕಿತ್ಸಕ ಡಾ. ಇನಾಮತಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಸೋಂಕು ರಕ್ತಕ್ಕೆ ಇಳಿಯೋ ಲಕ್ಷಣ ಅದ ತಬಸ್ಸುಮ್. ಗುರುವಾರ ಬೆಳಿಗ್ಗೆ ಮೊಳಕಾಲ ಮ್ಯಾಲಿಂದ ತೆಗೀತೀನಿ. ಅದಕ್ಕಿಂತ ತಡಾ ಮಾಡಿದ್ರ ಕಾಲಷ್ಟ ಅಲ್ಲ, ಮನಿಶಾನೂ ಉಳಿಯಂಗಿಲ್ಲ."

ಒಪ್ಪಿಗೆ ಪತ್ರಕ್ಕಾಗಿ ತಬಸ್ಸುಮ್ ಸೋಮವಾರ ವಾರ್ಡಿಗೆ ಹೋದಳು. ಫೇಜ್ ಸಿಕ್ಕೀತೋ ಇಲ್ಲವೋ, ಸಿಕ್ಕರೆ ಕಾಗದಕ್ಕೆಂದು ಒಂದು ಗಳಿಗೆಯೂ ಹೋಗಬಾರದು. ಯಮನೂರಪ್ಪನ ಮೈ ಜ್ವರದಿಂದ ಕೆಂಪಾಗಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಹೋದ್ರ ಹೋಗ್ಲಿ ತಗೋರಿ ಡಾಕ್ಟರ್ರ. ಈಗಿನ ಕರೆಂಟ್ ಬಸ್ಸಿಗೆ ಕ್ಲಚ್ಚ ಇಲ್ಲ. ಎಡಗಾಲಿಗೆ ಡ್ಯೂಟೀನ ಇಲ್ಲ. ಎಂಟು ವರ್ಷಾತು ಅದಕ್ಕ ಪುಕ್ಕಟೆ ಪಗಾರ ಕೊಟ್ಟು."

ಬದಿಯಲ್ಲಿ ಕೂತಿದ್ದ ಹೆಂಡತಿ ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಿಂಗ ಮಾತಾಡ್ತಾರ್ರಿ. ರಾತ್ರೆಲ್ಲಾ ಕಾಲು ಹಿಡಕೊಂಡು ಅಳ್ತಾರ. ನೀವು ಬಂದ ಕೂಡ್ಲೇ ಶಾಣ್ಯಾ ಆಗ್ತಾರ."

"ಅತ್ತಿದ್ದನ್ನ ಎಲ್ಲಾರಿಗೂ ಡಂಗುರಾ ಸಾರು ನೀನು."

ತಬಸ್ಸುಮ್ ಫೇಜ್ ಎಂದರೇನು ಎಂದು ವಿವರಿಸಿದಳು. ಎಲ್ಲಿಂದ ಬರುತ್ತದೆ ಎಂದಾಗ ಕಸ್ತೂರೆವ್ವನ ಮುಖ ಬದಲಾಯಿತು.

"ಗಟಾರದ್ದನ್ನ ಮೈಯಾಗ ಬಿಡ್ತೀರಾ?"

"ನೀರು ಬಿಡಂಗಿಲ್ರಿ. ಅದರಾಗಿಂದ ಫೇಜ್ ಒಂದ ಎತ್ತಿ, ಬ್ಯಾರೆ ಬೆಳಸಿ, ಶೋಧಿಸಿ, ತೊಳದು, ಪರೀಕ್ಷಾ ಮಾಡಿ ಕೊಡ್ತೀವಿ. ಹೋದ ವರ್ಷ ಒಂಬತ್ತು ಮಂದಿಗೆ ಕೊಟ್ಟೀವಿ. ಏಳು ಮಂದಿಗೆ ಗುಣ ಆತು. ಇಬ್ಬರಿಗೆ ಆಗ್ಲಿಲ್ಲ. ಸುಳ್ಳು ಹೇಳಂಗಿಲ್ಲ ನಿಮಗ."

"ನಿಮ್ಹತ್ರ ನಾನೂರು ಅದಾವಂದ್ರಿ," ಎಂದ ಯಮನೂರಪ್ಪ. "ಒಂದೂ ನಡಿಯಂಗಿಲ್ಲಾ?"

"ಒಂದೊಂದು ಫೇಜ್ ಒಂದೊಂದ ತಳಿಗೆ."

"ಪರ್ಮಿಟ್ ಇದ್ದ ರೂಟಿಗಷ್ಟ ಓಡ್ತಾವು ಅನ್ರಿ."

"ಹೌದ ನೋಡ್ರಿ. ನಿಮ್ಮ ಕಾಲಿನ ರೂಟಿಗೆ ಪರ್ಮಿಟ್ ಇದ್ದದ್ದು ಸಿಗಬೇಕು. ನಾಳೆ ಮಂಗಳವಾರ. ಹೊಸಾ ನೀರು ಬರ್ತೈತಿ."

ಅವನು ಸಹಿ ಹಾಕಿದ. ಕಸ್ತೂರೆವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಕೆಳಗೆ ರಸ್ತೆ ಗುಡಿಸಿ ನೀರು ಹೊಡೆದಿದ್ದರು. ಎರಡೂ ಅಂಚಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ, ಹಗ್ಗ ಹಿಡಿದು ಎಳೆದಂತೆ ನೇರವಾಗಿ ಸ್ಟೇಷನ್ನಿನವರೆಗೂ ಹೋಗಿತ್ತು.

"ಇವತ್ತ ಊರು ಎಷ್ಟ್ ಚಂದ ಕಾಣ್ತೈತಿ," ಎಂದಳು.

ಅಂದು ನಗರ ಸ್ವಚ್ಛತಾ ಪ್ರಶಸ್ತಿಯ ತಪಾಸಣಾ ತಂಡ ಊರಿಗೆ ಬಂದಿತ್ತು.

ಮಂಗಳವಾರ ಹುಲಿಗೆವ್ವ ಹದಿನಾಲ್ಕು ಬಾಟಲಿ ತಂದು ಮೇಜಿನ ಮೇಲಿಟ್ಟು ಮೊದಲು ಹೇಳಿದ್ದೇ ಅದು: "ಎಲ್ಲಾ ಕಡೆ ಪೌಡರ್ ವಾಸನಿ ಹೊಡೀತೈತ್ರಿ ಮೇಡಂ. ಸಂತೆಪೇಟಿ ಗಟಾರದಾಗ ನೀರು ತಿಳಿಯಾಗಿ ಬಿಟ್ಟೈತಿ. ಆರು ವರ್ಷದಾಗ ಅದರ ತಳ ಕಂಡಿದ್ದ ಇಲ್ಲ."

ಬಾಟಲಿಯಲ್ಲಿ ಉಳಿದ ಕ್ಲೋರಿನ್ ಕೊಲ್ಲಲು ಎರಡೆರಡು ಹನಿ ಥಯೋಸಲ್ಫೇಟ್ ಹಾಕುವುದು ಅವಳಿಗೆ ಕಲಿಸಿಕೊಟ್ಟ ಪಾಠ. ಮರೆಯದೆ ಹಾಕಿದ್ದಳು. ಆದರೆ ಆ ಹನಿ ಮುಂದಿನ ಸಾವನ್ನು ತಡೆಯಬಲ್ಲದು, ಆಗಿಹೋದದ್ದನ್ನಲ್ಲ.

ತಬಸ್ಸುಮ್ ನೀರನ್ನು ಶೋಧಿಸಿ ಎರಡು ಗುಂಪು ತಟ್ಟೆಗಳಿಗೆ ಹಾಕಿದಳು. ಒಂದರಲ್ಲಿ ಯಮನೂರಪ್ಪನ ಕಾಲಿನ ಕ್ಲೆಬ್ಸಿಯೆಲ್ಲಾ. ಇನ್ನೊಂದರಲ್ಲಿ ಪ್ರಯೋಗಾಲಯದ ಸಾಮಾನ್ಯ ಬ್ಯಾಕ್ಟೀರಿಯಾ ಇ. ಕೋಲೈ, ಇದು ಬರಿಯ ಪರೀಕ್ಷೆಗೆ. ಯಾವ ಊರಿನ ಯಾವ ಗಟಾರದ ನೀರು ಹಾಕಿದರೂ ಇ. ಕೋಲೈ ತಟ್ಟೆ ನಾಲ್ಕೈದು ಗಂಟೆಯಲ್ಲಿ ಸಿಡುಬಿನ ಕಲೆಯಂತೆ ತೂತು ಬೀಳಬೇಕು. ಮಧ್ಯಾಹ್ನ ಮೂರಕ್ಕೆ ಮುಚ್ಚಳ ತೆಗೆದರೆ ಎರಡೂ ಗುಂಪು ನುಣ್ಣಗೆ, ಒಂದೂ ತೂತಿಲ್ಲದೆ ಇದ್ದವು.

"ಅಂದ್ರ?" ಎಂದಳು ಹುಲಿಗೆವ್ವ. ಉತ್ತರ ಅವಳಿಗೆ ಗೊತ್ತಿತ್ತು.

"ನಮಗ ಬೇಕಾದ ಫೇಜ್ ಇಲ್ಲ ಅಂತಲ್ಲ. ಯಾವ ಫೇಜೂ ಇಲ್ಲ. ಇಡೀ ಊರಿನ ಗಟಾರ ಸತ್ತಾವು."

"ಮತ್ತ ಯಾವಾಗ ಹುಟ್ತಾವ?"

"ವಾರ, ಹತ್ತು ದಿನ."

ಗುರುವಾರಕ್ಕೆ ಎರಡೇ ದಿನ ಇತ್ತು. ತಬಸ್ಸುಮ್ ಗೋಡೆಯ ಮೇಲಿನ ನಕಾಶೆಯ ಮುಂದೆ ನಿಂತಳು. ಆರು ವರ್ಷದ ಹಿಂದೆ ಪುರಸಭೆಯಿಂದ ತಂದ ಒಳಚರಂಡಿ ನಕಾಶೆ ಅದು. ನೀಲಿ ಗೆರೆಗಳ ಮೇಲೆ ಹದಿನಾಲ್ಕು ಕೆಂಪು ಗುಂಡುಸೂಜಿ. ಅವಳೇ ಚುಚ್ಚಿದ್ದು. ಊರಿನ ಪ್ರತಿ ಭಾಗಕ್ಕೂ ಒಂದಾದರೂ ಇರಲಿ ಎಂದು ಲೆಕ್ಕ ಹಾಕಿ ಚುಚ್ಚಿದ್ದು. ಅವಳು ಬಹಳ ಹೊತ್ತು ನೋಡಿದಳು. ಎಲ್ಲವೂ ತಂಡ ಹಾದುಹೋದ ರಸ್ತೆಗಳೇ.

ಹುಲಿಗೆವ್ವನ ಗಂಡ ದುರುಗಪ್ಪ ಪುರಸಭೆಯ ಕಸದ ಲಾರಿಯ ಮೇಲೆ ಕೆಲಸ ಮಾಡುವವನು. ಆ ಸಂಜೆ ಅವನು ಅಂಗಳದ ಕಲ್ಲಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಅಂಗೈ ಬೆಳ್ಳಗೆ ಸುಲಿದಿತ್ತು.

"ಕೈಗವಸ ಹಾಕ್ಕೊಳ್ಳಾಕ ಏನ್ ಧಾಡಿ ನಿನಗ?" ಎಂದಳು ಹುಲಿಗೆವ್ವ.

"ಹಾಕ್ಕೊಂಡಿದ್ದೆ. ಚೀಲ ಹರಿಯೂದ್ರಾಗ ಅವೂ ಹರದ್ವು. ಅರವತ್ತು ಚೀಲ ಲೇ! ಎರಡು ದಿನದಾಗ ಅರವತ್ತು ಚೀಲ ಸುರುವೀವಿ. ಮೊದ್ಲ ಗಟಾರಕ್ಕ, ಉಳದದ್ದು ರಸ್ತಾಕ್ಕ ಗೆರಿ. ಸಾಹೇಬ್ರು ಗೆರಿ ನೋಡಿ ಖುಷಿ ಆಗಿ ಫೋಟೋ ತಕ್ಕೊಂಡ್ರು."

"ಫೋಟೋ ತಕ್ಕೊಂಡ್ರಾ. ಒಬ್ಬ ಡ್ರೈವರನ ಕಾಲು ತಕ್ಕೊಂಡ್ರಿ ನೀವು."

ದುರುಗಪ್ಪ ಎಣ್ಣೆಯ ಬಟ್ಟಲು ಕೆಳಗಿಟ್ಟ. ಅವಳು ಎಲ್ಲವನ್ನೂ ಹೇಳಿದಳು: ಸತ್ತ ಗಟಾರ, ನುಣ್ಣಗಿನ ತಟ್ಟೆ, ಗುರುವಾರ. ಅವನು ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡಿಕೊಂಡ.

"ನನಗೇನ ಗೊತ್ತು? ಸುರುವು ಅಂದ್ರು, ಸುರುವಿದೆ."

"ನಿನಗಂದಿಲ್ಲ ತಗೋ. ಒಂದರ ಗಟಾರ ಬಿಟ್ಟಿದ್ರ ಸಾಕಿತ್ತು."

"ಒಂದೂ ಬಿಟ್ಟಿಲ್ಲ. ಸಾಹೇಬ್ರು ಪಟ್ಟಿ ಹಿಡಕೊಂಡ ಹಿಂದ ಇದ್ರು. ಬಸ್ ಸ್ಟ್ಯಾಂಡ್, ಕೋರ್ಟು, ಸಂತೆಪೇಟಿ, ಡಿಪೋ..."

ಮಾತಾಡುತ್ತಲೇ ಅವನು ಕೈ ತೊಳೆದ ನೀರನ್ನು ಮನೆಯ ಮುಂದಿನ ಗಟಾರಕ್ಕೆ ಚೆಲ್ಲಿದ. ಕಪ್ಪು ನೀರು ಗುಳುಗುಳು ಎಂದಿತು. ಎಂದಿನಂತೆ ನಾರುತ್ತಿತ್ತು. ಹುಲಿಗೆವ್ವ ಆ ಕಪ್ಪು ನೀರನ್ನು ನೋಡಿದಳು.

"ನಮ್ಮ ಓಣಿಗೆ ಪೌಡರ್ ಹಾಕಿಲ್ಲೇನು?"

"ನಮ್ಮ ಓಣಿಗೆ ಯಾರ್ ಬರ್ತಾರ? ಇಪ್ಪತ್ತು ವರ್ಷದಾಗ ಒಬ್ಬ ಸಾಹೇಬ ಬಂದಿದ್ದ ತೋರ್ಸು."

ಅದು ನಿಜವಾಗಿತ್ತು. ಊರನ್ನೆಲ್ಲ ಬಿಳಿ ಮಾಡಿದ ಮೂವತ್ತೆಂಟು ಮಂದಿ ಪೌರಕಾರ್ಮಿಕರು ಇರುವ ಓಣಿಗೆ ಒಂದು ಮುಷ್ಟಿ ಪೌಡರ್ ಬಿದ್ದಿರಲಿಲ್ಲ. ತಮ್ಮ ಓಣಿಗೂ ಹಾಕಿಕೊಳ್ಳಬಹುದಿತ್ತೆಂದು ಸುರುವಿದವರಿಗೂ ಹೊಳೆದಿರಲಿಲ್ಲ. ಈ ಗಟಾರ ಪುರಸಭೆ ತೋಡಿದ್ದಲ್ಲ. ಓಣಿಯವರೇ ಗುದ್ದಲಿ ಹಿಡಿದು ತೋಡಿಕೊಂಡದ್ದು. ಆದ್ದರಿಂದ ನಕಾಶೆಯಲ್ಲಿ ಇರಲಿಲ್ಲ. ನಕಾಶೆಯಲ್ಲಿ ಇಲ್ಲದ್ದರಿಂದ ಅದರ ಮೇಲೆ ಕೆಂಪು ಗುಂಡುಸೂಜಿಯೂ ಇರಲಿಲ್ಲ. ಆರು ವರ್ಷ ಪ್ರತಿ ಮಂಗಳವಾರ ಹುಲಿಗೆವ್ವ ಖಾಲಿ ಡಬ್ಬಿ ಹಿಡಿದು ಈ ಗಟಾರವನ್ನು ದಾಟಿ ಹೋಗಿದ್ದಳು. ಪಟ್ಟಿಯಲ್ಲಿ ಇಲ್ಲದ್ದನ್ನು ತುಂಬಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ.

ಇನ್ನೊಂದು ಸಂಗತಿ ಅವಳಿಗೆ ಆಮೇಲೆ ನೆನಪಾಯಿತು. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಆರು ಮಂದಿ ಹೆಂಗಸರು ಗುತ್ತಿಗೆಯ ಮೇಲೆ ಬಟ್ಟೆ ಒಗೆಯುತ್ತಾರೆ. ಜಿಲ್ಲಾ ಆಸ್ಪತ್ರೆಯ ಹಾಸಿಗೆ ಬಟ್ಟೆ. ಒಗೆದ ನೀರು ಹರಿಯುವುದು ಇದೇ ಗಟಾರಕ್ಕೆ, ಆಸ್ಪತ್ರೆಯ ಬ್ಯಾಕ್ಟೀರಿಯಾಗಳೂ ಅದರ ಜೊತೆಗೇ.

ಬುಧವಾರ ಏಳು ಗಂಟೆಗೆ ತಬಸ್ಸುಮ್ ಪ್ರಯೋಗಾಲಯದ ಬಾಗಿಲು ತೆಗೆದಾಗ ಹುಲಿಗೆವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಡಬ್ಬಿಯಲ್ಲಿ ಮೂರು ಬಾಟಲಿ, ಕಪ್ಪಗೆ, ಚಹಾದ ಚರಟದಂತೆ.

"ಎಲ್ಲೀದಿದು?"

"ನಮ್ಮ ಮನಿ ಮುಂದಿಂದು."

ತಬಸ್ಸುಮ್ ಮುಚ್ಚಳ ತೆಗೆದು ಮೂಸಿದಳು. ಹದಿನೈದು ವರ್ಷದ ವೃತ್ತಿಯಲ್ಲಿ ಒಂದು ದುರ್ವಾಸನೆಗೆ ಅಷ್ಟು ಸಂತೋಷ ಪಟ್ಟದ್ದು ಅದೇ ಮೊದಲು. ಆಸ್ಪತ್ರೆಯ ಬಟ್ಟೆಯ ಸಂಗತಿ ಕೇಳಿದಾಗ ಅವಳು ನಕಾಶೆಯ ಕಡೆ ತಿರುಗಿ, ಊರಿನ ಪಶ್ಚಿಮದ ಅಂಚಿನಲ್ಲಿ ಖಾಲಿ ಬಿಟ್ಟ ಬಿಳಿ ಜಾಗ ನೋಡಿದಳು.

"ಇದು ನನ್ನ ತಪ್ಪು ಹುಲಿಗೆವ್ವ. ನಿನ್ನನ್ನ ಒಂದ್ ಮಾತು ಕೇಳಬೇಕಿತ್ತು."

"ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮೊದ್ಲ ತಟ್ಟಿ ಹಾಕ್ರಿ."

ಹನ್ನೆರಡೂವರೆಗೆ ಇ. ಕೋಲೈ ತಟ್ಟೆ ಜರಡಿಯಾಗಿತ್ತು. ಅದು ಎಲ್ಲರೂ ನಿರೀಕ್ಷಿಸಿದ್ದೇ. ಕ್ಲೆಬ್ಸಿಯೆಲ್ಲಾ ತಟ್ಟೆಯನ್ನು ತಬಸ್ಸುಮ್ ಬೆಳಕಿಗೆ ಹಿಡಿದು ಓರೆಯಾಗಿಸಿದಳು. ಮೂರನೇ ಬಾಟಲಿಯ ಭಾಗದಲ್ಲಿ, ಅಂಚಿಗೆ ಹತ್ತಿರ, ಹನ್ನೊಂದು ಚುಕ್ಕೆಗಳಿದ್ದವು. ಪ್ರತಿಯೊಂದರ ಸುತ್ತ ತೆಳು ಬಳೆಯಂಥ ಮಸುಕು. ಕ್ಲೆಬ್ಸಿಯೆಲ್ಲಾ ತನ್ನ ಸುತ್ತ ಹೊದ್ದಿರುವ ಅಂಟು ಕವಚವನ್ನೇ ಕರಗಿಸುವ ಫೇಜ್‌ನ ಗುರುತು ಅದು.

"ಎಣಸ್ರಿ," ಎಂದಳು ಹುಲಿಗೆವ್ವ.

"ಎಣಿಸಿದೆ. ನೀನೂ ಎಣಸು."

ಅವಳೂ ಎಣಿಸಿದಳು. ಹನ್ನೊಂದೇ.

ಒಂದು ಚುಕ್ಕೆಯಿಂದ ಎತ್ತಿದ ಫೇಜ್‌ನ ವಂಶವಾಹಿಯನ್ನು ಮೂರು ಗಂಟೆಯಲ್ಲಿ ಓದಲಾಯಿತು. ವಿಷ ತಯಾರಿಸುವ ಭಾಗಗಳಿರಲಿಲ್ಲ. ಬ್ಯಾಕ್ಟೀರಿಯಾದೊಳಗೆ ಅಡಗಿ ಮಲಗುವ ಗುಣವೂ ಇರಲಿಲ್ಲ. ಸಂಜೆ ಐದಕ್ಕೆ ಅದು ಗಾಣಕ್ಕೆ ಹೋಯಿತು. ಫೇಜ್ ಬೆಳೆಸಿ, ಸತ್ತ ಬ್ಯಾಕ್ಟೀರಿಯಾಗಳ ವಿಷಕಾರಿ ಚೂರುಗಳನ್ನೆಲ್ಲ ಹಲವು ಪದರಗಳಲ್ಲಿ ಸೋಸಿ, ಕೊನೆಗೆ ತಿಳಿ ದ್ರಾವಣ ಇಳಿಸುವ ಬೀರುವಿನಷ್ಟು ದೊಡ್ಡ ಯಂತ್ರಕ್ಕೆ ಸಿಬ್ಬಂದಿ ಇಟ್ಟ ಹೆಸರು ಅದು. ಗಾಣಕ್ಕೆ ಬೇಕಾಗುವುದು ಇಪ್ಪತ್ತು ಗಂಟೆ. ಅದನ್ನು ಅವಸರ ಮಾಡಿಸಲು ಬರುವುದಿಲ್ಲ.

ಅಂದರೆ ಗುರುವಾರ ಮಧ್ಯಾಹ್ನ ಒಂದು. ಶಸ್ತ್ರಚಿಕಿತ್ಸೆ ಬೆಳಿಗ್ಗೆ ಹತ್ತಕ್ಕೆ.

ಫೋನಿನಲ್ಲಿ ಡಾ. ಇನಾಮತಿಯವರು ಹಾಳೆ ತಿರುವುವ ಸದ್ದು ಕೇಳಿತು. "ಮೂತ್ರಪಿಂಡದ ಅಂಕಿ ಏರಾಕತ್ತದ. ಎರಡು ಗಂಟೆ ತನಕ ಕಾಯ್ತೀನಿ. ಅಷ್ಟ್ರಾಗ ರಕ್ತದೊತ್ತಡ ಇಳೀತು ಅಂದ್ರ ನಿನ್ನ ಫೋನಿಗೆ ಕಾಯಂಗಿಲ್ಲ."

"ಆತ್ರಿ ಸರ್."

"ಮತ್ತ, ಚುಕ್ಕಿ ಎಷ್ಟು ಬಂದಾವ?"

"ಹನ್ನೊಂದು."

"ಹನ್ನೊಂದು," ಎಂದು ಅವರು ತಮಗೇ ಎಂಬಂತೆ ಹೇಳಿಕೊಂಡು ಫೋನ್ ಇಟ್ಟರು.

ಗುರುವಾರ ಒಂದು ಗಂಟೆ ಎಂಟು ನಿಮಿಷಕ್ಕೆ ಗಾಣ ನಿಂತಿತು. ವಿಷಾಂಶದ ಪರೀಕ್ಷೆ ಮತ್ತೆ ಹದಿನೈದು ನಿಮಿಷ. ಮಿತಿಯೊಳಗಿತ್ತು. ಒಂದು ಇಪ್ಪತ್ತೇಳಕ್ಕೆ ತಬಸ್ಸುಮ್ ಸ್ಕೂಟರ್ ಶುರು ಮಾಡಿದಳು. ಹಿಂದೆ ಹುಲಿಗೆವ್ವ, ಎದೆಗವಚಿಕೊಂಡ ಬಿಳಿ ಡಬ್ಬಿ. ಸಂತೆಪೇಟೆಯ ತಿರುವಿನಲ್ಲಿ ಈರುಳ್ಳಿ ಲಾರಿಯೊಂದು ಅಡ್ಡ ನಿಂತಿತ್ತು. ಹುಲಿಗೆವ್ವ ಹತ್ತೊಂಬತ್ತು ವರ್ಷ ಗುಡಿಸಿದ ಊರು ಅದು.

"ಎಡಕ್ಕ ಹೊಡೀರಿ. ಮಸೂತಿ ಹಿಂದ ಸಂದಿ ಐತಿ. ಕಸದ ಗಾಡಿ ಹೋಗ್ತೈತಿ, ನಿಮ್ಮ ಸ್ಕೂಟರ್ ಹೋಗಂಗಿಲ್ಲಾ?"

ಒಂದು ನಲವತ್ತಾರಕ್ಕೆ ಡಾ. ಇನಾಮತಿಯವರು ಡಬ್ಬಿಯನ್ನು ತಾವೇ ಕೈಯಲ್ಲಿ ತೆಗೆದುಕೊಂಡರು. ಆಪರೇಷನ್ ಕೊಠಡಿಯ ಮುಂದಿನ ಗಾಲಿಮಂಚದಲ್ಲಿ ಯಮನೂರಪ್ಪ ಅರೆಪ್ರಜ್ಞೆಯಲ್ಲಿದ್ದ. ಎಡ ತೊಡೆಯ ಮೇಲೆ ಕತ್ತರಿಸಬೇಕಾದ ಜಾಗಕ್ಕೆ ನೀಲಿ ಗೆರೆ ಎಳೆದಿತ್ತು.

ಮೊದಲ ಪಾಲು ರಕ್ತನಾಳಕ್ಕೆ, ಎರಡನೆಯದು ಗಾಯದೊಳಗೆ ಇಳಿಬಿಟ್ಟ ಸಣ್ಣ ಕೊಳವೆಯ ಮೂಲಕ.

ಆಮೇಲೆ ಮಾಡುವುದೇನೂ ಇರಲಿಲ್ಲ. ಕಸ್ತೂರೆವ್ವ ಬೆಂಚಿನ ಮೇಲೆ ಕೂತಿದ್ದಳು. ಹುಲಿಗೆವ್ವ ಪಕ್ಕದಲ್ಲಿ ಕೂತಳು. ಯಾರೆಂದು ಒಬ್ಬಳು ಕೇಳಲಿಲ್ಲ, ಇನ್ನೊಬ್ಬಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕಸ್ತೂರೆವ್ವ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ಕೊಟ್ಟಳು.

"ಬೆಳಿಗ್ಗಿಂದ ಇಟ್ಕೊಂಡೀನಿ. ಗಂಟಲದಾಗ ಇಳೀವಲ್ದು. ಯಾರರ ಜೋಡಿ ತಿಂದ್ರ ಇಳೀತೈತೇನೋ."

ಸಂಜೆ ಆರಕ್ಕೆ ಜ್ವರ ಒಂದು ಡಿಗ್ರಿ ಇಳಿದಿತ್ತು. ಶುಕ್ರವಾರ ಇನ್ನೊಂದು. ಶನಿವಾರ ಮೂತ್ರಪಿಂಡದ ಅಂಕಿ ಏರುವುದನ್ನು ನಿಲ್ಲಿಸಿತು. ಡಾ. ಇನಾಮತಿ ಅಂದು ತೊಡೆಯ ಮೇಲಿನ ನೀಲಿ ಗೆರೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ತಾವೇ ಒರೆಸಿದರು.

ಪವಾಡ ನಡೆಯಿತೆಂದು ಬರೆದರೆ ತಪ್ಪಾಗುತ್ತದೆ. ಒಂಬತ್ತನೇ ದಿನ ಬ್ಯಾಕ್ಟೀರಿಯಾ ಫೇಜ್‌ನಿಂದ ತಪ್ಪಿಸಿಕೊಳ್ಳುವ ದಾರಿ ಕಂಡುಕೊಂಡಿತು. ಫೇಜ್ ಹಿಡಿದುಕೊಳ್ಳುತ್ತಿದ್ದ ಅಂಟು ಕವಚವನ್ನೇ ಕಳಚಿ ಹಾಕಿತು. ಆದರೆ ಕವಚ ಕಳಚಿದ ಬ್ಯಾಕ್ಟೀರಿಯಾ ದೇಹದ ಕಾವಲುಪಡೆಗೆ ಸುಲಭದ ತುತ್ತು, ಮತ್ತು ಹಿಂದೆ ನಾಟದಿದ್ದ ಒಂದು ಹಳೆಯ ಆ್ಯಂಟಿಬಯೋಟಿಕ್ ಈಗ ನಾಟಿತು. ಸರಳು ತೆಗೆದು ಹೊರಗಿನಿಂದ ಚೌಕಟ್ಟು ಕಟ್ಟಿದರು. ಎಲುಬು ಕೂಡಲು ಇನ್ನೂ ತಿಂಗಳುಗಳು ಬೇಕಾದವು. ಎಡಗಾಲು ಬಲಗಾಲಿಗಿಂತ ಒಂದೂವರೆ ಸೆಂಟಿಮೀಟರ್ ಗಿಡ್ಡವಾಯಿತು. ಇಷ್ಟಾದರೂ ಅದು ಕಾಲು, ಅವನದೇ ಕಾಲು.

ಭಂಡಾರದಲ್ಲಿ ಒಂದು ಪದ್ಧತಿ ಇದೆ. ಹೊಸ ಫೇಜ್‌ಗೆ ಹೆಸರಿಡುವವರು ವಿಜ್ಞಾನಿಗಳಲ್ಲ, ನೀರು ತಂದವರು. ಹುಲಿಗೆವ್ವ ಯೋಚಿಸಲಿಲ್ಲ. "ಹುಣಸಿಗಿಡ-1," ಎಂದಳು. ನಾನೂರ ಹದಿಮೂರನೇ ಸೀಸೆ.

ಸುದ್ದಿ ರಾಜಧಾನಿಗೆ ಮುಟ್ಟಿದಾಗ ಮೇಲಧಿಕಾರಿಯೊಬ್ಬರು ಪತ್ರ ಬರೆದರು: ಸದರಿ ಗಟಾರವು ಅಪರೂಪದ ಆಕರವಾಗಿರುವುದರಿಂದ ಅದನ್ನು ಯಥಾಸ್ಥಿತಿಯಲ್ಲಿ ಕಾಯ್ದಿರಿಸತಕ್ಕದ್ದು. ತಬಸ್ಸುಮ್ ಅದನ್ನು ಹುಲಿಗೆವ್ವನಿಗೆ ಓದಿ ಹೇಳಿದಳು.

"ಕಾಯ್ದಿರಿಸ್ತಾರಂತಾ?" ಹುಲಿಗೆವ್ವ ನಕ್ಕಳು. "ಅವರ ಮನಿ ಮುಂದ ಒಯ್ದ ಕಾಯ್ದಿರಿಸ್ಲಿ. ನಮ್ಮ ನಾದಿನಿ ಮಗಳಿಗೆ ವರ್ಷಕ್ಕ ಮೂರು ಸಲ ಭೇದಿ ಆಗ್ತೈತಿ. ನಿಮಗ ಬೇಕಾದ್ದು ಕಪಾಟಿನ್ಯಾಗ ಐತಲ್ರಿ?"

"ಐತಿ. ಐವತ್ತು ವರ್ಷ ಇರ್ತೈತಿ."

"ಹಂಗಾರ ಮುಚ್ಚಸ್ರಿ."

ತಬಸ್ಸುಮ್ ಎರಡು ಪತ್ರ ಬರೆದಳು. ಮೇಲಧಿಕಾರಿಗೆ: ಆಕರ ಸುರಕ್ಷಿತವಾಗಿ ಶೀತಲ ಕಪಾಟಿನಲ್ಲಿದೆ, ಜನರ ಅಂಗಳದಲ್ಲಿ ಇಡುವ ಅಗತ್ಯವಿಲ್ಲ. ಪುರಸಭೆಗೆ: ಆಸ್ಪತ್ರೆಯ ಬಟ್ಟೆ ಒಗೆದ ನೀರು ಶುದ್ಧೀಕರಣವಿಲ್ಲದೆ ವಸತಿ ಪ್ರದೇಶದಲ್ಲಿ ಹರಿಯುತ್ತಿದೆ, ಒಗೆಯುವವರೂ ನಿವಾಸಿಗಳೂ ಅಪಾಯದಲ್ಲಿದ್ದಾರೆ, ಪರೀಕ್ಷಾ ವರದಿ ಲಗತ್ತಿಸಿದೆ. ಎರಡನೆಯದರ ಕೆಳಗೆ ಡಾ. ಇನಾಮತಿಯೂ ಸಹಿ ಹಾಕಿದರು. ಒಗೆಯುವ ಕೆಲಸ ಆಸ್ಪತ್ರೆಯ ಆವರಣದ ಯಂತ್ರಗಳಿಗೆ ಹೋಯಿತು. ಆರೂ ಹೆಂಗಸರು ಅಲ್ಲೇ ಕೆಲಸಕ್ಕೆ ಸೇರಿದರು. ಮಳೆಗಾಲಕ್ಕೆ ಮೊದಲು ಓಣಿಯ ಗಟಾರಕ್ಕೆ ಸಿಮೆಂಟು ಚಪ್ಪಡಿ ಬಿತ್ತು. ಒಂದು ಕಡೆ ಮಾತ್ರ ಕಬ್ಬಿಣದ ಸಣ್ಣ ಮುಚ್ಚಳ ಬಿಟ್ಟರು. ಸೌಟು ಇಳಿಸಲು ಸಾಕಾಗುವಷ್ಟು. ನಕಾಶೆಯಲ್ಲಿ ಹದಿನೈದನೇ ಗುಂಡುಸೂಜಿ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಯಮನೂರಪ್ಪ ಕೋಲೂರಿಕೊಂಡು ಹೆಂಡತಿಯೊಂದಿಗೆ ಓಣಿಗೆ ಬಂದ. ಹುಲಿಗೆವ್ವನನ್ನು ಕಂಡು ಕಸ್ತೂರೆವ್ವ ನಿಂತಲ್ಲೇ ನಿಂತಳು.

"ಅಯ್ಯ, ನೀವಾ! ಅವತ್ತ ಅರ್ಧ ರೊಟ್ಟಿ ತಿಂದ್ರಲ್ರಿ, ಒಂದ್ ಮಾತು ಹೇಳಬಾರದಾ?"

"ಹಸಿವಿ ಆಗಿತ್ತು. ಬಾಯಿ ಖಾಲಿ ಇರ್ಲಿಲ್ಲ."

ಯಮನೂರಪ್ಪ ಕಟ್ಟೆಯ ಮೇಲೆ ಕೂತು ಗಿಡ್ಡವಾದ ಕಾಲನ್ನು ಚಾಚಿಕೊಂಡ. ದುರುಗಪ್ಪ ಚಹಾ ತಂದಿಟ್ಟು ದೂರ ನಿಂತ.

"ಪೌಡರ್ ಸುರುವಿದವ ನಾನ ನೋಡ್ರಿ," ಎಂದ.

"ಹೌದಾ? ಬಾ ಇಲ್ಲಿ, ಕೂಡು. ನನ್ನ ಸ್ಕೂಟರಿಗೆ ಅಡ್ಡ ಬಂದ ನಾಯಿನೂ ಇಲ್ಲೆ ಎಲ್ಲೇರ ಐತೇನು, ಕರಿ, ಅದಕ್ಕೂ ಚಾ ಕುಡಸೋಣ." ನಗು ನಿಂತ ಮೇಲೆ ಅವನು ಓಣಿಯ ಬಾಯಿಯ ಕಡೆ ನೋಡಿದ. ಅಷ್ಟರಲ್ಲಿ ಒಂದು ಬಸ್ಸು ನಿಲ್ಲದೆ ಹಾದುಹೋಯಿತು. "ಹನ್ನೊಂದು ವರ್ಷ ಇದ ರೂಟು ಹೊಡದೀನಿ ನಾನು. ನೀವು ಕೈ ಮಾಡಿದ್ದ ನೋಡಿರಬೇಕು."

"ನೋಡಿರ್ತೀರಿ," ಎಂದಳು ಹುಲಿಗೆವ್ವ. "ಎಲ್ಲಾರೂ ನೋಡ್ತಾರ."

ಅವನು ಚಹಾ ಕುಡಿದು ಲೋಟ ತೊಳೆಯಲು ಎದ್ದ. ಅವಳು ಬೇಡವೆಂದರೂ ಕೇಳಲಿಲ್ಲ.

ಬಿದ್ದ ದಿನದಿಂದ ಹದಿನಾರು ತಿಂಗಳಿಗೆ ವೈದ್ಯಕೀಯ ಮಂಡಳಿ ಅವನನ್ನು ಚಾಲನೆಗೆ ಯೋಗ್ಯ ಎಂದಿತು. ಮೇ ತಿಂಗಳ ಒಂದು ಮಂಗಳವಾರ ಹುಲಿಗೆವ್ವ ಕಬ್ಬಿಣದ ಮುಚ್ಚಳ ಎತ್ತಿ ಮೊದಲ ಬಾಟಲಿ ತುಂಬಿ ಡಬ್ಬಿಯಲ್ಲಿಟ್ಟು ಓಣಿಯ ಬಾಯಿಗೆ ಬಂದಳು. ಅಲ್ಲಿ ಹೊಸ ಕಂಬವೊಂದು ನಿಂತಿತ್ತು. ಹಸಿ ಬಣ್ಣದ ಫಲಕ: ಕೋರಿಕೆಯ ನಿಲುಗಡೆ, ಹುಣಸಿಗಿಡದ ಓಣಿ. ಓದಿ ಮುಗಿಸುವಷ್ಟರಲ್ಲಿ ಬಸ್ಸು ಬಂದು ನಿಂತಿತು. ಅವಳು ಕೈಯನ್ನೇ ಮಾಡಿರಲಿಲ್ಲ.

ಬಾಗಿಲು ತೆರೆಯಿತು. ಸ್ಟೇರಿಂಗ್ ಹಿಂದೆ ಯಮನೂರಪ್ಪ.

"ಹತ್ರೆವ್ವ. ಅರ್ಜಿ ಹಿಡಕೊಂಡು ಡಿಪೋಕ್ಕ ಆರು ತಿಂಗಳು ಅಡ್ಡಾಡೀನಿ. ಅದೂ ಗಿಡ್ಡ ಕಾಲಿಲೆ."

ಅವಳು ಹತ್ತಿದಳು. ಕಂಡಕ್ಟರ್ ಹೊಸಬ. ನೀಲಿ ಡಬ್ಬಿಯನ್ನೂ ಅದರಿಂದ ತೊಟ್ಟಿಕ್ಕುತ್ತಿದ್ದ ಮಂಜುಗಡ್ಡೆ ನೀರನ್ನೂ ನೋಡಿದ.

"ಡಬ್ಬ್ಯಾಗ ಏನೈತ್ರಿ?"

ಹುಲಿಗೆವ್ವ ಬಾಯಿ ತೆರೆಯುವ ಮೊದಲೇ ಮುಂದಿನಿಂದ ಯಮನೂರಪ್ಪ ಹೇಳಿದ: "ಔಷಧಿ ಐತಿ. ಹುಷಾರಾಗಿ ಇಡಸು."

ಮುಂದಿನ ಸೀಟಿನ ಹೆಂಗಸು ಮಡಿಲ ಮೇಲಿನ ಚೀಲವನ್ನು ಸರಿಸಿ ಜಾಗ ಕೊಟ್ಟಳು. ಹುಲಿಗೆವ್ವ ಡಬ್ಬಿಯನ್ನು ಎರಡೂ ಕಾಲುಗಳ ನಡುವೆ ಇಟ್ಟುಕೊಂಡು ಕೂತಳು. ಬಸ್ಸು ಹೊರಟಿತು.

"ಔಷಧಿನೋ ಬರೇ ನೀರೋ," ಎಂದಳು ಆ ಹೆಂಗಸಿಗೆ, ಏಳು ವರ್ಷ ಪ್ರಯೋಗಾಲಯದಲ್ಲಿ ಕಲಿತ ಖಚಿತತೆಯಿಂದ, "ಅದು ಮಧ್ಯಾಹ್ನ ಮೂರಕ್ಕ ತಟ್ಟಿ ನೋಡಿದಾಗ ಗೊತ್ತಾಗ್ತೈತಿ."